ಮರಿ ಕೊಡೋ ಮುಂಚೆ ಇಷ್ಟೆಲ್ಲ ಯಾಕೆ ಕೇಳ್ತೀರಿ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಾವು ನಾಲ್ಕು ಜನ ಇದ್ದೇವೆ. ಒಬ್ಬರು ಮೇಷ್ಟ್ರು, ಒಬ್ಬರು ಮೆಡಿಕಲ್ ಅಂಗಡಿಯವರು, ಒಬ್ಬಳು ಕಾಲೇಜು ಹುಡುಗಿ, ನಾನು ಮನೆಯಲ್ಲೇ ಹೊಲಿಗೆ ಹಾಕುವವಳು. ಮೋರಿಯಲ್ಲಿ, ಹೆದ್ದಾರಿ ಪಕ್ಕದಲ್ಲಿ ಸಿಕ್ಕ ನಾಯಿಮರಿಗಳನ್ನು ಸ್ವಲ್ಪ ದಿನ ಇಟ್ಟುಕೊಂಡು, ಮನೆ ಹುಡುಕಿ ಪುಕ್ಕಟೆ ಕೊಡುತ್ತೇವೆ. ಸಂಸ್ಥೆ ಅಲ್ಲ, ಬೋರ್ಡೂ ಇಲ್ಲ. ಲ್ಯಾಬ್ರಡಾರ್ ಮರಿ ಮಾರುವ ಒಬ್ಬರು ಪರಿಚಯದವರಿದ್ದಾರೆ. ಅವರನ್ನು ಇಲ್ಲಿ ಲ್ಯಾಬ್ ಅಣ್ಣ ಅಂತ ಕರೆಯುತ್ತೇನೆ. ಅವರದು ವ್ಯಾಪಾರ, ನಮ್ಮದು ಹುಚ್ಚು. ಆದರೆ ಇಬ್ಬರಿಗೂ ಬರುವ ಫೋನುಗಳು ಹೆಚ್ಚು ಕಡಿಮೆ ಒಂದೇ ತರ. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

"ನಾಯಿಮರಿ ಬೇಕು" ಅಂತ ಮೆಸೇಜ್ ಹಾಕಿದ್ದೆ. ಉತ್ತರವೇ ಬರಲಿಲ್ಲ?

ಬಹುಶಃ ನಿಮ್ಮ ಮೆಸೇಜಿನಲ್ಲಿ ಅಷ್ಟೇ ಇತ್ತು. ಭಾನುವಾರ ಒಂದು ಮರಿಯ ಫೋಟೋ ಹಾಕಿದರೆ ಕತ್ತಲಾಗುವಷ್ಟರಲ್ಲಿ ಮೂವತ್ತು ನಲವತ್ತು ಮೆಸೇಜ್ ಬಂದಿರುತ್ತವೆ. 'ಹಾಯ್', 'ಬೇಕು', 'ಲೊಕೇಶನ್ ಹಾಕಿ', ಬರೀ ಒಂದು ಹೃದಯದ ಚಿತ್ರ. ಎಲ್ಲರಿಗೂ ಬರೆಯುತ್ತ ಕೂತರೆ ಮರಿಗೆ ಹಾಲು ಕುಡಿಸುವವರು ಯಾರು? ಹಾಗಾಗಿ ಏನಾದರೂ ಹೇಳಿರುವವರಿಗೆ ಮೊದಲು ಬರೆಯುತ್ತೇವೆ.

'ರೇಟ್ ಎಷ್ಟು' ಅಂತ ಶುರು ಮಾಡಿದರೆ ಕೆಲವರು ಅಲ್ಲಿಗೇ ಬ್ಲಾಕ್ ಮಾಡುತ್ತಾರೆ. ನನಗೆ ಅದು ಸರಿ ಅನಿಸಲ್ಲ. ನಮ್ಮ ಕಡೆ ಸೊಪ್ಪು ಕೊಳ್ಳುವವರೂ ಮೊದಲು ರೇಟೇ ಕೇಳೋದು. ಅದು ಅಭ್ಯಾಸ, ಗುಣ ಅಲ್ಲ. ಲ್ಯಾಬ್ ಅಣ್ಣ ಹೇಳುವುದೂ ಇದೇ: "ಮೊದಲನೇ ಪ್ರಶ್ನೆ ಬಿಡಿ, ಎರಡನೇ ಪ್ರಶ್ನೆ ಏನು ಅಂತ ನೋಡಿ." ರೇಟ್ ಹೇಳಿದ ಮೇಲೆ 'ಕಡಿಮೆ ಮಾಡಿ' ಅಂತ ಬಂತಾ, 'ಏನು ತಿನ್ನುತ್ತೆ' ಅಂತ ಬಂತಾ, ಅದರಲ್ಲಿದೆ ವಿಷಯ.

ಕ್ಯಾತಸಂದ್ರದಿಂದ ಒಬ್ಬರು ಹೀಗೆ ಬರೆದಿದ್ದರು: 'ಸ್ವಂತ ಮನೆ, ಅಮ್ಮ ಹಗಲು ಮನೇಲೇ ಇರ್ತಾರೆ, ಮುಂಚೆ ನಾಯಿ ಸಾಕಿಲ್ಲ. ರಾತ್ರಿ ಅಳುತ್ತೆ ಅಂತಾರೆ, ಆಗ ಏನು ಮಾಡಬೇಕು?' ಆ ಕೊನೆ ಸಾಲಿಗೇ ನಾವು ಸೋತೆವು. ಮರಿ ಇನ್ನೂ ನಮ್ಮ ಮನೆಯಲ್ಲಿತ್ತು, ಅವರ ಮನೆಯಲ್ಲಿ ಆಗಲೇ ಅದರ ಮೊದಲ ರಾತ್ರಿ ಶುರುವಾಗಿತ್ತು.

ದುಡ್ಡು ತಗೊಳ್ಳಲ್ಲ ಅಂತೀರಿ. ಮತ್ತೆ ಹೆಣ್ಣು ಕೊಡೋರ ತರ ಇಷ್ಟು ವಿಚಾರಣೆ ಯಾಕೆ?

ಹೆಣ್ಣು ಕೊಟ್ಟರೆ ಕಷ್ಟ ಆದಾಗ ಫೋನ್ ಆದರೂ ಮಾಡುತ್ತಾಳೆ. ನಾಯಿ ಮಾಡಲ್ಲ. ನಾಯಿ 12-14 ವರ್ಷ ಬದುಕುವ ಜೀವ. ಇವತ್ತು ಎಂಟನೇ ಕ್ಲಾಸಿನ ನಿಮ್ಮ ಮಗಳು ಮದುವೆ ವಯಸ್ಸಿಗೆ ಬಂದಾಗಲೂ ಅದು ಬಾಗಿಲಲ್ಲಿ ಮಲಗಿರುತ್ತೆ.

ಪುಕ್ಕಟೆ ಅನ್ನುವುದರಿಂದಲೇ ಜಾಸ್ತಿ ಕೇಳಬೇಕಾಗುತ್ತದೆ. ದುಡ್ಡು ಕೊಟ್ಟವರು ಒಂದು ಸಲ ಯೋಚನೆ ಮಾಡಿರುತ್ತಾರೆ.

ಕೇಳಿದ್ದು ನಾನು. ನಮ್ಮ ಅಮ್ಮನ ಹತ್ರ ಯಾಕೆ ಮಾತಾಡಬೇಕು?

ಯಾಕಂದರೆ ನಾಯಿ ಕೇಳುವವರು ಒಬ್ಬರು, ಸಾಕುವವರು ಇನ್ನೊಬ್ಬರು. ಇದನ್ನು ಕಲಿಯುವುದಕ್ಕೆ ನಮಗೆ ಒಂದು ಮರಿಯ ಖರ್ಚಾಯಿತು.

ಶುರುವಿನಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗನಿಗೆ ಮರಿ ಕೊಟ್ಟೆವು. ಒಳ್ಳೆಯ ಹುಡುಗ. ಆಹಾರ, ಇಂಜೆಕ್ಷನ್, ಎಲ್ಲ ಓದಿಕೊಂಡಿದ್ದ. ನಾವು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟ. ಹತ್ತೊಂಬತ್ತನೇ ದಿನ ಅವರ ಅಮ್ಮ ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಆಟೋದಲ್ಲಿ ಬಂದರು. ನಾನು ಸಿಟ್ಟಿನಲ್ಲಿ ಏನೋ ಹೇಳಲು ಹೊರಟೆ. ಆಯಮ್ಮ ಸೊಂಟ ಹಿಡಿದುಕೊಂಡು ಜಗಲಿ ಮೇಲೆ ಕೂತರು. "ಬೆಳಿಗ್ಗೆ ಆರಕ್ಕೆ ಎದ್ದು ಮೂರು ಸಲ ನೆಲ ಒರೆಸ್ತೀನಮ್ಮ. ಅವನು ಕಾಲೇಜಿಗೆ ಹೋಗ್ತಾನೆ. ಕೊಡೋವಾಗ ನನ್ನ ಒಂದು ಮಾತು ಕೇಳಿದ್ರಾ?" ಅಂದರು. ಕೇಳಿರಲಿಲ್ಲ. ಅಷ್ಟರಲ್ಲಿ ಮರಿಗೆ ಪಾರ್ವೊ ಹತ್ತಿತ್ತು, ವಾಂತಿ ಭೇದಿ ಆಗಿ ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆ ಅದು. ಅವನು ಎರಡನೇ ಇಂಜೆಕ್ಷನ್ ದಿನ ಮರೆತಿದ್ದ, ಅವರಿಗೆ ಅದು ಗೊತ್ತೇ ಇರಲಿಲ್ಲ. ಮರಿ ಉಳಿಯಲಿಲ್ಲ.

ಅಲ್ಲಿಂದ ಈಚೆಗೆ ಪೊರಕೆ ಹಿಡಿಯುವವರ ಜೊತೆ ಮಾತಾಡದೆ ಮರಿ ಕೊಡುವುದಿಲ್ಲ.

'ನಿಮಗೆ ಒಪ್ಪಿಗೆಯಾ' ಅಂತ ಕೇಳಿದರೆ ಪ್ರಯೋಜನ ಇಲ್ಲ. 'ಮಕ್ಕಳ ಆಸೆ, ಇರ್ಲಿ ಬಿಡಿ' ಅನ್ನುತ್ತಾರೆ. ಆ 'ಇರ್ಲಿ ಬಿಡಿ' ಇದೆಯಲ್ಲ, ಅದು ಹದಿನೈದು ದಿನ ಬಾಳುತ್ತದೆ. ಅದಕ್ಕೇ ಮನೆಯ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ 'ನಾಯಿ ಎಲ್ಲಿ ಮಲಗುತ್ತೆ' ಅಂತ ಕೇಳುತ್ತೇವೆ. ಮಗ 'ಹಾಲಲ್ಲಿ' ಅಂದು, ಅಮ್ಮ 'ಹೊರಗೆ ಸಂಪಿನ ಹತ್ರ' ಅಂದರೆ ಆ ಮನೆಯಲ್ಲಿ ಮಾತುಕತೆ ಇನ್ನೂ ಮುಗಿದಿಲ್ಲ ಅಂತ ಅರ್ಥ. ಮುಗಿಸಿಕೊಂಡು ಬನ್ನಿ ಅನ್ನುತ್ತೇವೆ. ಕೆಲವರು ನಿಜವಾಗಲೂ ಮುಗಿಸಿಕೊಂಡು ಬಂದಿದ್ದಾರೆ.

ಬೇಡ ಅನ್ನುವವರ ಮಾತಿನಲ್ಲೂ ಬಗೆ ಇದೆ. ಒಬ್ಬ ಅಜ್ಜಿ "ದೇವರ ಮನೆ ಹೊಸಲು ದಾಟಬಾರದು, ಒಗೆದ ಬಟ್ಟೆ ಮುಟ್ಟಬಾರದು, ನೋಡು" ಅಂತ ಗದರಿದರು. ಜೊತೆಯಲ್ಲಿದ್ದ ಹುಡುಗಿ ಇದು ಆಗಲ್ಲ ಅಕ್ಕ ಅಂದಳು. ನಾನು ಅವತ್ತೇ ಮರಿ ಕೊಟ್ಟೆ. ಅಜ್ಜಿ ತಮ್ಮ ಮನಸ್ಸಿನಲ್ಲಿ ಆಗಲೇ ನಾಯಿಯನ್ನು ಮನೆಯೊಳಗೆ ಬಿಟ್ಟುಕೊಂಡಿದ್ದರು, ಇಲ್ಲದಿದ್ದರೆ ಎಲ್ಲೆಲ್ಲಿ ಬಿಡಬಾರದು ಅಂತ ಯಾಕೆ ಲೆಕ್ಕ ಹಾಕುತ್ತಿದ್ದರು?

ಬಾಡಿಗೆ ಮನೆಯವರಿಗೆ ಕೊಡೋದಿಲ್ವಂತೆ, ಹೌದಾ?

ಸುಳ್ಳು. ಓನರ್ ಜೊತೆ ಒಂದು ಮಾತು ಆಡುತ್ತೇವೆ ಅಷ್ಟೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ಸುಮ್ನೆ ನಿಷೇಧಿಸುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ಆದರೆ ಮಹಡಿ ಮೇಲೆ ನೀವು, ಕೆಳಗೆ ಓನರ್ ಇರುವ ಕಡೆ ಮಾರ್ಗಸೂಚಿ ತೋರಿಸಿದರೆ ಕೆಲಸ ಆಗಲ್ಲ, ಬಾಯಿಮಾತೇ ಬೇಕು. ಮುಂದಿನ ಮನೆ ಹುಡುಕುವಾಗಲೂ ನಾಯಿಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೀರಾ ಅಂತ ಕೇಳುತ್ತೇವೆ.

ದಿನಾ ಬೆಂಗಳೂರಿಗೆ ಓಡಾಡ್ತೀನಿ. ಅದಕ್ಕೇ ಕೊಡಲ್ಲ ಅಂದ್ರಾ?

ಮರಿ ಕೊಡಲ್ಲ ಅಂದೆವು. ಬೆಂಗಳೂರು ಸುಮಾರು 70 ಕಿಲೋಮೀಟರ್. ಬೆಳಗಿನ ರೈಲು ಹತ್ತಿದವರು ಮನೆ ಸೇರುವಾಗ ರಾತ್ರಿ ಎಂಟೋ ಒಂಬತ್ತೋ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಎರಡು ಮೂರು ಗಂಟೆಗಿಂತ ಜಾಸ್ತಿ ಉಚ್ಚೆ ತಡೆಯಲು ಅದಕ್ಕೆ ಆಗುವುದಿಲ್ಲ. ಹಗಲು ಮನೆಯಲ್ಲಿ ಯಾರಾದರೂ ಇದ್ದರೆ ಸರಿ. ಇಲ್ಲದಿದ್ದರೆ ಬೆಳೆದ ನಾಯಿ ತಗೊಳ್ಳಿ ಅನ್ನುತ್ತೇವೆ. ನಮ್ಮ ಹತ್ತಿರ ಒಂದೂವರೆ ಎರಡು ವರ್ಷದವು ಯಾವಾಗಲೂ ಇರುತ್ತವೆ. ಮರಿ ಆಗದ ಹಾಗೆ ಆಪರೇಷನ್ ಆಗಿರುತ್ತೆ, ಇಂಜೆಕ್ಷನ್ ಆಗಿರುತ್ತೆ, ಹಗಲೆಲ್ಲ ಮಲಗುತ್ತವೆ. ಆದರೆ ಎಲ್ಲರಿಗೂ 'ಚಿಕ್ಕದರಿಂದ ಸಾಕಿದ್ರೆ ಹೊಂದಿಕೊಳ್ಳುತ್ತೆ' ಅನ್ನುವ ನಂಬಿಕೆ. ದೊಡ್ಡ ನಾಯಿಯೂ ಒಂದು ತಿಂಗಳಲ್ಲಿ ನಿಮ್ಮ ಸ್ಕೂಟರ್ ಸದ್ದು ಗುರುತು ಹಿಡಿಯುತ್ತೆ.

ತೋಟ ಕಾಯೋಕೆ ನಾಯಿ ಬೇಕು. ಅದಕ್ಕೆ ಇಷ್ಟು ಯೋಚನೆ ಯಾಕೆ?

ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಇವೇ. ತೋಟ ಅಂದ ಕೂಡಲೇ ಬೇಡ ಅನ್ನುವ ರೆಸ್ಕ್ಯೂನವರು ಬೆಂಗಳೂರಿನಲ್ಲಿದ್ದಾರೆ. ಅವರ ಫಾರಂನಲ್ಲಿ 'ನಾಯಿ ಮನೆಯೊಳಗೇ ಇರಬೇಕು' ಅಂತ ಬರೆದಿರುತ್ತೆ. ಆ ಫಾರಂ ಹಿಡಿದರೆ ನಮ್ಮ ಜಿಲ್ಲೆಯಲ್ಲಿ ನಾಯಿ ಸಾಕಲು ಯೋಗ್ಯರಾದವರು ಹತ್ತು ಮನೆಯೂ ಸಿಗಲ್ಲ. ತೆಂಗಿನ ತೋಟದ ಮನೆಯಲ್ಲಿ ಮಕ್ಕಳು, ಎಮ್ಮೆ, ಕೋಳಿ ಜೊತೆ ಬೆಳೆದ ನಾಟಿ ನಾಯಿಯಷ್ಟು ಸುಖಿ ಇನ್ನೊಂದಿಲ್ಲ.

ಹಾಗಾಗಿ ನಾವು ತೋಟವನ್ನು ನೋಡುವುದಿಲ್ಲ, ತೋಟದಲ್ಲಿ ರಾತ್ರಿ ಯಾರಿರುತ್ತಾರೆ ಅಂತ ನೋಡುತ್ತೇವೆ. ಮನೆ ಪೇಟೆಯಲ್ಲಿ, ತೋಟ ಊರಾಚೆ, ಆಳು ಸಂಜೆ ಬಂದು ಅನ್ನ ಹಾಕಿ ಹೋಗುತ್ತಾನೆ ಅಂದರೆ ಅದು ಸಾಕುವುದಲ್ಲ, ಬಿಟ್ಟುಬರುವುದು. ಕೆಲವರು ನೇರವಾಗೇ ಹೇಳುತ್ತಾರೆ: "ಪಂಪ್‌ಸೆಟ್ ಕೇಬಲ್ ಕದೀತಾರೆ, ಶೆಡ್ ಹತ್ರ ಕಟ್ಟಾಕ್ತೀವಿ." ಕೇಬಲ್ ಕಳ್ಳತನದ ಸಂಕಟ ನನಗೂ ಗೊತ್ತು, ನಮ್ಮಪ್ಪನದೂ ತೋಟವೇ. ಆದರೆ ಒಂಟಿಯಾಗಿ ಕಟ್ಟಿಹಾಕಿದ ನಾಯಿ ಹಗಲೂ ರಾತ್ರಿ ಬೊಗಳುತ್ತೆ. ಯಾವುದು ಕಳ್ಳ, ಯಾವುದು ಮುಂಗುಸಿ ಅಂತ ನಿಮಗೇ ತಿಳಿಯಲ್ಲ.

ಇನ್ನೊಂದು, ಚಿರತೆ. ದೇವರಾಯನದುರ್ಗದ ಸುತ್ತ, ಗುಬ್ಬಿ, ಕುಣಿಗಲ್ ಕಡೆ ಚಿರತೆ ಓಡಾಟ ಯಾರಿಗೂ ಹೊಸದಲ್ಲ. ನಾಯಿ ಅಂದರೆ ಚಿರತೆಗೆ ಸುಲಭದ ಊಟ. ಸರಪಳಿಯಲ್ಲಿರುವ ನಾಯಿ ಇನ್ನೂ ಸುಲಭ, ಓಡುವ ಹಾಗೂ ಇಲ್ಲ. ಅದಕ್ಕೇ ತೋಟದವರಿಗೆ ನಮ್ಮ ಷರತ್ತು ಒಂದೇ: ಕತ್ತಲಾದ ಮೇಲೆ ನಾಯಿಗೆ ಬಾಗಿಲಿರುವ ಜಾಗ ಬೇಕು. ಕೊಟ್ಟಿಗೆ ಆಗಬಹುದು, ಜಾಲರಿ ಹಾಕಿದ ಗೂಡಾಗಬಹುದು. ಹಿಂದೆ ಇದ್ದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಯಿತು ಅಂತ ಹೇಳಿದವರಿಗೆ ಕೊಟ್ಟಿದ್ದೇವೆ, ಅವರು ಕೊಟ್ಟಿಗೆಗೆ ಬಾಗಿಲು ಮಾಡಿಸಿದ್ದರು. 'ಮೂರು ಹೋಯ್ತು, ಇದು ನಾಲ್ಕನೇದು' ಅಂದು ನಕ್ಕವರಿಗೆ ಕೊಡಲಿಲ್ಲ.

ಬ್ರೀಡರ್ ಹತ್ರ ಹೋದರೆ ದುಡ್ಡು ಕೊಟ್ಟು ತರಬಹುದು. ಇಷ್ಟು ರಗಳೆ ಇರಲ್ಲ ಅಲ್ವಾ?

ರಗಳೆ ಮಾಡದ ಬ್ರೀಡರ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಲ್ಯಾಬ್ ಅಣ್ಣ ನಮಗಿಂತ ಕಟ್ಟುನಿಟ್ಟು. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಒಂದು ಹೆಣ್ಣು ನಾಯಿಯಿಂದ ಜೀವಮಾನದಲ್ಲಿ 5 ಸೂಲಿಗಿಂತ ಹೆಚ್ಚು ಮಾಡಿಸುವಂತಿಲ್ಲ. ಆದರೆ ಸಂತೆಯಲ್ಲಿ, ಫೋನಿನಲ್ಲಿ, ಎಲ್ಲೆಲ್ಲೂ '30 ದಿನದ ಮರಿ, ಮುದ್ದಾಗಿದೆ' ಅಂತ ಮಾರುತ್ತಾರೆ. ಮುದ್ದಾಗೇ ಇರುತ್ತೆ. ತಾಯಿ, ಒಡಹುಟ್ಟಿದವುಗಳ ಜೊತೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋವಾಗುತ್ತೆ ಅಂತ ಮರಿ ಕಲಿಯುವುದೇ ಆಮೇಲಿನ ನಾಲ್ಕು ವಾರದಲ್ಲಿ. ಕಲಿಯದೆ ಬಂದ ಮರಿ ನಿಮ್ಮ ಮಗುವಿನ ಕೈ ಮೇಲೆ ಕಲಿಯುತ್ತೆ.

'ಚಿಕ್ಕದೇ ಕೊಡಿ, ಎಂಟು ವಾರ ಕಾಯೋಕಾಗಲ್ಲ' ಅಂದವರಿಗೆ ಅವರು ಮಾರುವುದಿಲ್ಲ. ಎಂಟು ವಾರ ಕಾಯಲಾಗದವರು ಹನ್ನೆರಡು ವರ್ಷ ಹೇಗೆ ಸಾಕುತ್ತಾರೆ ಅನ್ನುವುದು ಅವರ ಲೆಕ್ಕ. 'ಹೆಣ್ಣು ಕೊಡಿ, ಮರಿ ಹಾಕಿಸಿ ದುಡ್ಡು ವಾಪಸ್ ಮಾಡ್ಕೋತೀವಿ' ಅನ್ನುವವರಿಗೂ ಇಲ್ಲ. 'ತಾಯಿ ನೋಡಬಹುದಾ?' ಅಂತ ಯಾರಾದರೂ ಕೇಳಿದರೆ ಮಾತ್ರ ಅಣ್ಣನ ಮುಖ ಅರಳುತ್ತೆ, ಕಾಫಿಯೂ ಸಿಗುತ್ತೆ. ತಾಯಿಯ ಸ್ವಭಾವ ನೋಡಿದರೆ ಮರಿ ಹೇಗಾಗಬಹುದು ಅಂತ ಒಂದು ಅಂದಾಜು ಬರುತ್ತೆ, ಸಾಕಿದ ಜಾಗದ ವಾಸನೆಯೂ ತಿಳಿಯುತ್ತೆ. ನೀವು ಕೊಳ್ಳುವಾಗ ಇದನ್ನೇ ಕೇಳಿ. ತೋರಿಸದವರ ಹತ್ತಿರ ಕೊಳ್ಳಬೇಡಿ. ಅವರು ನಿಮ್ಮನ್ನು ಅಳೆಯುವ ಹಾಗೆ ನೀವೂ ಅವರನ್ನು ಅಳೆಯಬಹುದು.

ರಾಟ್‌ವೀಲರ್, ಪಿಟ್‌ಬುಲ್ ತರದ್ದು ಸಿಗುತ್ತಾ? ಬ್ಯಾನ್ ಆಗಿದೆಯಂತಲ್ಲ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನಿನ ಮಾತು ಅಲ್ಲಿಗಿರಲಿ. 'ಯಾಕೆ ಆ ತಳಿಯೇ ಬೇಕು' ಅಂತ ಕೇಳಿದಾಗ 'ಜನ ಹೆದರಬೇಕು' ಅನ್ನುವ ಉತ್ತರ ಬಂದರೆ ನಾವೇ ಹೆದರುತ್ತೇವೆ. ಪಾವಗಡದ ಬಿಸಿಲಿಗೆ ಹಿಮದ ನಾಡಿನ ಹಸ್ಕಿ ನಾಯಿ ಕೇಳಿದವರೂ ಇದ್ದಾರೆ. ಅದರ ಬಗ್ಗೆ ಏನು ಹೇಳಲಿ.

ಹೆಣ್ಣು ಮರಿ ಬೇಡ, ಗಂಡೇ ಬೇಕು.

ಯಾಕೆ ಅಂತ ಕೇಳುತ್ತೇವೆ. 'ಬೆದೆಗೆ ಬಂದರೆ ಗಂಡು ನಾಯಿಗಳು ಮನೆ ಮುಂದೆ ಸೇರುತ್ತವೆ, ಮರಿ ಹಾಕುತ್ತೆ' ಅಂದರೆ ಅದಕ್ಕೆ ಆಪರೇಷನ್ ಇದೆ. ಆರು ತಿಂಗಳ ಹೊತ್ತಿಗೆ ಮಾಡಿಸಬಹುದು, ನಾವೇ ಜೊತೆಗೆ ಬರುತ್ತೇವೆ. ಇಷ್ಟು ಹೇಳಿದ ಮೇಲೆ ಅರ್ಧ ಜನ ಒಪ್ಪುತ್ತಾರೆ. ಒಪ್ಪದವರಿಗೆ ಗಂಡನ್ನೂ ಕೊಡಲು ಮನಸ್ಸು ಹಿಂದೆ ಮುಂದೆ ನೋಡುತ್ತೆ. ಆಪರೇಷನ್ ಬೇಡ ಅನ್ನುವವರ ಗಂಡು ನಾಯಿಯೇ ಪಕ್ಕದ ಬೀದಿಯ ಮರಿಗಳಿಗೆ ಅಪ್ಪ ಅಲ್ವಾ? ಮೋರಿಯಿಂದ ನಾವು ಎತ್ತಿ ತರುವ ಮರಿಗಳಲ್ಲಿ ಹೆಣ್ಣೇ ಜಾಸ್ತಿ. ಎಸೆಯುವವರಿಗೂ ಗಂಡೇ ಬೇಕಿತ್ತು.

ಮನೆ ನೋಡೋಕೆ ಬರ್ತೀರಂತೆ. ಮನೆ ಚಿಕ್ಕದಾದರೆ?

ಮನೆ ಎಷ್ಟು ದೊಡ್ಡದು ಅಂತ ಅಳೆಯಲು ಬರುವುದಿಲ್ಲ. ಗೇಟಿನ ಸಂದಿ, ಮಹಡಿಯ ಗೋಡೆ ಎತ್ತರ, ಮುಖ್ಯವಾಗಿ ಸಂಪಿನ ಮುಚ್ಚಳ ನೋಡುತ್ತೇವೆ. ತೆರೆದ ಸಂಪಿಗೆ ಮರಿ ಬಿದ್ದರೆ ಹತ್ತಿ ಬರಲು ಮೆಟ್ಟಿಲಿರಲ್ಲ. ಪಕ್ಕದ ಮನೆಯವರನ್ನೂ ಒಮ್ಮೆ ಮಾತಾಡಿಸುತ್ತೇವೆ. ಅವರು ಹೇಳದೇ ಬಿಟ್ಟದ್ದೇ ಜಾಸ್ತಿ ತಿಳಿಸುತ್ತೆ.

ನಮ್ಮ ಮನೆಯಲ್ಲಿ ಮಾಂಸ ಮಾಡಲ್ಲ. ಪರವಾಗಿಲ್ವಾ?

ಪರವಾಗಿಲ್ಲ. ಬರೀ ಅನ್ನ ಮೊಸರಿನಲ್ಲಿ ಮಾತ್ರ ಬೆಳೆಸಬೇಡಿ, ಸತ್ವ ಸಾಲದು. ಮೊಟ್ಟೆಯೂ ಆಗದಿದ್ದರೆ ಅಂಗಡಿಯ ಡಾಗ್ ಫುಡ್ ಬಗ್ಗೆ ಪಶು ವೈದ್ಯರನ್ನು ಕೇಳಿ. ನಮ್ಮ ಕಡೆ ನಾಯಿಗಳು ರಾಗಿ ಮುದ್ದೆ ತಿಂದೇ ಬೆಳೆದಿವೆ, ಮುದ್ದೆಗೆ ತೊಂದರೆ ಇಲ್ಲ. ಅದರ ಜೊತೆ ಹಾಕುವ ಸಾರಿನಲ್ಲಿ ಈರುಳ್ಳಿ ಇರುತ್ತಲ್ಲ, ಅದು ನಾಯಿಗೆ ವಿಷ. ದ್ರಾಕ್ಷಿ, ಚಾಕೊಲೇಟ್ ಕೂಡ.

ಮಗಳ ಬರ್ತ್‌ಡೇಗೆ ಸರ್‌ಪ್ರೈಸ್ ಕೊಡಬೇಕು ಅಂತಿದ್ದೀನಿ...

ಸೈಕಲ್ ಕೊಡಿಸಿ.

ಗಿಳಿ, ಆಮೆ ಇದ್ರೆ ಹೇಳಿ.

ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆ ಎರಡನ್ನೂ ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೃಷ್ಟ ಬರುತ್ತೆ ಅಂತ ಆಮೆ ಕೇಳುವವರಿಗೆ ಅರಣ್ಯ ಇಲಾಖೆಯವರು ಬರುತ್ತಾರೆ ಅಂತ ಹೇಳಿ ಫೋನ್ ಇಡುತ್ತೇವೆ.

ಹಿಂದಿನ ನಾಯಿ ಏನಾಯ್ತು ಅಂತ ಯಾಕೆ ಕೆದಕ್ತೀರಿ? ನಿಜ ಹೇಳಿದರೆ ಮರಿ ಕೊಡಲ್ಲ ಅಂತ ಭಯ.

ಉಲ್ಟಾ. ಕುಣಿಗಲ್ ಕಡೆಯ ಒಬ್ಬರು ಫೋನಿನಲ್ಲೇ ಹೇಳಿದರು: "ಇಂಜೆಕ್ಷನ್ ಹಾಕಿಸ್ಲಿಲ್ಲ ಅಕ್ಕ, ವಾಂತಿ ಭೇದಿ ಆಗಿ ಹೋಯ್ತು. ನಂದೇ ತಪ್ಪು." ಅದು ಪಾರ್ವೊ ಲಕ್ಷಣ. ಪಾರ್ವೊ ವೈರಸ್ ಮಣ್ಣಿನಲ್ಲಿ, ಅಂಗಳದಲ್ಲಿ ತಿಂಗಳುಗಟ್ಟಲೆ, ಒಂದೊಂದು ಸಲ ವರ್ಷಕ್ಕೂ ಮೇಲೆ ಬದುಕಿರುತ್ತೆ. ಅವರು ಸುಳ್ಳು ಹೇಳಿ ಎರಡು ತಿಂಗಳ ಮರಿ ಒಯ್ದಿದ್ದರೆ ಅದೂ ಉಳಿಯುತ್ತಿತ್ತೋ ಇಲ್ಲವೋ. ನಿಜ ಹೇಳಿದ್ದಕ್ಕೆ ಇಂಜೆಕ್ಷನ್‌ಗಳೆಲ್ಲ ಮುಗಿದ ದೊಡ್ಡ ನಾಯಿ ಕೊಟ್ಟೆವು. ಈಗ ವರ್ಷ ವರ್ಷ ರೇಬಿಸ್ ಇಂಜೆಕ್ಷನ್ ಹಾಕಿಸಿ ಫೋಟೋ ಅವರೇ ಕಳಿಸುತ್ತಾರೆ.

'ಎಲ್ಲೋ ಹೊರಟುಹೋಯ್ತು', 'ಯಾರಿಗೋ ಕೊಟ್ವಿ' ಅನ್ನುವ ಉತ್ತರ ಬಂದರೆ ಮುಂದಿನ ಪ್ರಶ್ನೆಗಳು ಶುರುವಾಗುತ್ತವೆ.

ಸಾಕೋಕೆ ಆಗದಿದ್ದರೆ ವಾಪಸ್ ತಗೋತೀರಾ?

ಯಾವಾಗ ಬೇಕಾದರೂ, ಬೈಯದೆ. ರಾತ್ರಿ ಹನ್ನೊಂದಕ್ಕೆ ಬಂದರೂ ಬಾಗಿಲು ತೆಗೆಯುತ್ತೇವೆ. ಬೆಟ್ಟದಲ್ಲೋ ಮಾರ್ಕೆಟ್ಟಿನಲ್ಲೋ ಬಿಟ್ಟುಬರಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದೂ ಅಪರಾಧವೇ.

ನಿಮ್ಮ ಲೆಕ್ಕ ಯಾವತ್ತೂ ತಪ್ಪಿಲ್ವಾ?

ತಪ್ಪಿದೆ. ಒಂದು ಸಲ 'ನಾಯಿ ಇದ್ಯಾ ನಾಯಿ' ಅಂತ ಮೆಸೇಜ್ ಬಂತು. ಹೆಸರಿಲ್ಲ, ಊರಿಲ್ಲ. ಡಿಪಿಯಲ್ಲಿ ಸಿನಿಮಾ ಹೀರೋ. ಯಾರೋ ಹುಡುಗ ಆಟ ಆಡುತ್ತಿದ್ದಾನೆ ಅಂತ ನಾವು ನಕ್ಕು ಬಿಟ್ಟೆವು. ಮೂರು ತಿಂಗಳಾದ ಮೇಲೆ, ಸೆಪ್ಟೆಂಬರ್ 28ರ ರೇಬಿಸ್ ದಿನ, ಪಶು ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಸಾಲು ನಿಂತಿತ್ತು. ನಮ್ಮ ಮುಂದೆ ಒಬ್ಬ ಅಜ್ಜಿ. ಹಳೇ ಸೀರೆ ಹರಿದು ಹೆಣೆದ ಹಗ್ಗದಲ್ಲಿ ಒಂದು ಬೀದಿ ನಾಯಿ, ಮೈ ಮಿರಮಿರ ಮಿಂಚುತ್ತಿತ್ತು. ಜೊತೆಯಲ್ಲಿ ಮೊಮ್ಮಗ. ಹುಡುಗ ನನ್ನ ಫೋನಿನ ಫೋಟೋ ನೋಡಿ ಗುರುತು ಹಿಡಿದ.

"ಇವರೇ ಅಜ್ಜಿ, ಮೆಸೇಜ್‌ಗೆ ಉತ್ತರ ಕೊಡದೋರು."

ಅಜ್ಜಿಗೆ ಓದು ಬರಹ ಬಾರದು. ನಾಯಿ ಬೇಕು ಅಂದದ್ದು ಅವರು, ಬರೆದದ್ದು ಹುಡುಗ. ಸಾಕುವವರು ಯಾರು ಅಂತ ಊರಿಗೆಲ್ಲ ಕೇಳುವ ನಾವು ಅವತ್ತು ಅದೊಂದನ್ನು ಕೇಳಿರಲಿಲ್ಲ. ಈಗ ಒಂದೇ ಸಾಲಿನ ಮೆಸೇಜ್ ಬಂದರೂ 'ಯಾರಿಗೆ ಬೇಕು?' ಅಂತ ಒಂದು ಸಲ ವಾಪಸ್ ಬರೆಯುತ್ತೇವೆ. ತಡವಾಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲಾ ಓದಿದೆ. ಈಗ ಮರಿ ಇದ್ಯಾ?

ಮೂರಿವೆ. ಎರಡು ಕಂದು ಹೆಣ್ಣು, ಒಂದು ಕರಿ ಗಂಡು. ಗಂಡಿನ ಎಡಗಿವಿ ಇನ್ನೂ ನಿಂತಿಲ್ಲ. ಎರಡು ವರ್ಷದ ಒಂದು ದೊಡ್ಡ ಹೆಣ್ಣೂ ಇದೆ, ಅದರ ಫೋಟೋ ಹಾಕಿದಾಗ ಹೃದಯದ ಚಿತ್ರವೂ ಬರಲಿಲ್ಲ. ಸಂಜೆ ಆರರ ಮೇಲೆ ಫೋನ್ ಮಾಡಿ. ಮಾಡುವಾಗ ಅಮ್ಮನೋ ಅಜ್ಜಿಯೋ ಪಕ್ಕದಲ್ಲಿರಲಿ.